ಕಾರಿನಡಿಯ ತೊಟ್ಟು ನೀರು

ಯಾವ ಕಾರಿನ ಏಸಿ ಓಡುತ್ತಿದೆ, ಯಾವುದರದು ನಿಂತಿದೆ ಎಂದು ತಿಳಿಯಬೇಕಾದರೆ ತಾಯಕ್ಕ ಕಾರನ್ನು ನೋಡುತ್ತಿರಲಿಲ್ಲ, ನಾಯಿಯನ್ನು ನೋಡುತ್ತಿದ್ದಳು. ನೀರಿನ ಪಾರ್ಕಿನ ಹೊರಗಿನ ಬಯಲಿನಲ್ಲಿ ಒಂದು ಕಂದು ನಾಯಿ ಇತ್ತು. ಏಸಿ ಹಾಕಿದ ಕಾರಿನ ಹೊಟ್ಟೆಯಿಂದ ತೊಟ್ಟು ತೊಟ್ಟಾಗಿ ನೀರು ಬೀಳುತ್ತದಲ್ಲ, ಅದರಡಿಗೆ ಹೋಗಿ ಬೆನ್ನೊಡ್ಡಿ ಮಲಗುವುದು ಅದರ ಉದ್ಯೋಗ. ತೊಟ್ಟು ನಿಂತರೆ ಎದ್ದು, ಮೈ ಕೊಡವಿ, ಇನ್ನೊಂದು ಕಾರು ಹುಡುಕುತ್ತಿತ್ತು. ಬಿಸಿಲಿನ ವಿಚಾರದಲ್ಲಿ ಆ ನಾಯಿ ತಪ್ಪಿದ್ದನ್ನು ತಾಯಕ್ಕ ಕಂಡಿರಲಿಲ್ಲ.

ಪಾರ್ಕಿಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕಕ್ಕೆ, ಅದಿರಿನ ದುಡ್ಡು ಹರಿದು ಬಂದ ಹೊಸದರಲ್ಲಿ ಕಟ್ಟಿದ್ದು. ಟಿಕೆಟ್ ಕೊಡುವ ಕೋಣೆ ಸಿಮೆಂಟಿನ ಕಮಲಮಹಲು. ಮಕ್ಕಳು ಜಾರುವ ಜಾರುಬಂಡೆ ಸಿಮೆಂಟಿನಲ್ಲಿ ಕಟ್ಟಿದ ಹಂಪಿಯ ಕಲ್ಲಿನ ರಥದ ಬಾಗಿಲಿನಿಂದ ಹೊರಡುತ್ತಿತ್ತು. ನಾಲ್ಕು ಸಿಮೆಂಟಿನ ಆನೆಗಳು ಸೊಂಡಿಲೆತ್ತಿ ನೀರು ಚಿಮ್ಮಿಸುತ್ತಿದ್ದವು. ಹಂಪಿಯಿಂದ ಬಂದವರು ನೋಡಿ, "ನಮ್ಮ ರಥಕ್ಕ ಐದುನೂರು ವರ್ಷ ಆತು, ಹಂಗ ಐತಿ. ಇದರ ಬಣ್ಣ ಎರಡು ವರ್ಷಕ್ಕ ಸುಲದೈತಿ" ಎಂದು ನಗುತ್ತಿದ್ದರು. ನಕ್ಕವರೂ ಟಿಕೆಟ್ ತಗೊಂಡು ಒಳಗೆ ಹೋಗುತ್ತಿದ್ದರು. ಮೇ ತಿಂಗಳಲ್ಲಿ ಆ ಸೀಮೆಯಲ್ಲಿ ನೀರು ಕಂಡರೆ ಯಾರಿಗೆ ತಾನೇ ಬಿಗುಮಾನ?

ತಾಯಕ್ಕನ ಕೆಲಸ ಹೊರಗೆ, ಬಿಸಿಲಿನಲ್ಲಿ. ಬಂದ ಗಾಡಿಗೆ ಚೀಟಿ ಕೊಡುವುದು, ಸಾಲಾಗಿ ನಿಲ್ಲಿಸುವುದು. ಜೊತೆಗೆ ತಾನೇ ಹುಡುಕಿಕೊಂಡ ಇನ್ನೊಂದು ಕೆಲಸವಿತ್ತು. ಕೊಳದಿಂದ ಹೊರಬಿದ್ದ ನೀರು ಕಾಂಪೌಂಡಿನ ಆಚೆ ಒಂದು ತೊಟ್ಟಿಯಲ್ಲಿ ನಿಲ್ಲುತ್ತಿತ್ತು. ಅದರಲ್ಲಿ ಗೋಣಿಚೀಲ ನೆನೆಸಿ ಬೈಕುಗಳ ಸೀಟಿನ ಮೇಲೆ ಹೊದಿಸುತ್ತಿದ್ದಳು. ಸಂಜೆ ಬಂದು ಸುಡುವ ಸೀಟಿನ ಮೇಲೆ ಕೂತು ಚೀರುವ ಬದಲು ತಣ್ಣಗೆ ಕೂತು ಹೋದ ಹುಡುಗರು ಎರಡು ರೂಪಾಯಿ ಕೊಡುತ್ತಿದ್ದರು. ಗಾಳಿಗೆ ಚೀಲ ಹಾರದಂತೆ ಒಂದೊಂದರ ಮೇಲೆ ಒಂದೊಂದು ಅದಿರಿನ ಕಲ್ಲು. ನೋಡಲು ಮುಷ್ಟಿಯಷ್ಟು, ಎತ್ತಿದರೆ ಕಬ್ಬಿಣದ ಗುಂಡು.

ಅದಿರು ಅವಳಿಗೆ ಹೊಸದಲ್ಲ. ಇಲ್ಲಿಗೆ ಬರುವ ಮುಂಚೆ ನಾಲ್ಕು ವರ್ಷ ಹೊಲಗಳಲ್ಲಿ ಅದಿರು ಜರಡಿ ಹಿಡಿದವಳು. ಹೊಲದ ಮೇಲ್ಮಣ್ಣು ಕೆದರಿದರೆ ಸಾಕು, ಚೀನಾದವರು ಕೊಳ್ಳುತ್ತಾರೆ ಎಂದು ಜೋಳ ಬೆಳೆಯುವವರೆಲ್ಲ ನೆಲ ಅಗೆಸುತ್ತಿದ್ದ ಕಾಲ ಅದು. ಅವಳ ಜೊತೆ ಜರಡಿ ಹಿಡಿಯುತ್ತಿದ್ದ ಜಂಬಕ್ಕ ಒಂದು ಮಧ್ಯಾಹ್ನ ಲಾರಿಯ ನೆರಳಿನಲ್ಲಿ ಗೋಡೆಗೆ ಒರಗಿದಂತೆ ಗಾಲಿಗೆ ಒರಗಿ ಕೂತಳು. "ನಿದ್ದಿ ಮಾಡ್ಯಾಳ, ಎಬ್ಬಿಸಬ್ಯಾಡ್ರಿ, ಪಾಪ" ಎಂದು ಎಲ್ಲರೂ ಅಂದರು. ತಾಯಕ್ಕನೂ ಅಂದಿದ್ದಳು. ಸಂಜೆ ಲಾರಿ ಹೊರಡುವಾಗಲೇ ಗೊತ್ತಾಗಿದ್ದು, ಅದು ನಿದ್ದೆಯಲ್ಲ ಎಂದು. ಅಂದಿನಿಂದ ಬಿಸಿಲಿನಲ್ಲಿ ಸುಮ್ಮನೆ ಕೂತವರನ್ನು ಕಂಡರೆ ಅವಳು ಸುಮ್ಮನಿರುತ್ತಿರಲಿಲ್ಲ. ಬೈಸಿಕೊಂಡರೂ ಸರಿ, ಒಮ್ಮೆ ಮಾತಾಡಿಸಿ ನೋಡುತ್ತಿದ್ದಳು.

ಆ ಭಾನುವಾರ ಹನ್ನೆರಡರ ಹೊತ್ತಿಗೆ ಒಂದು ಬಿಳಿ ದೊಡ್ಡ ಗಾಡಿ ಬಂತು. ಇನ್ನೂ ನಂಬರು ಬಂದಿರಲಿಲ್ಲ. ಮುಂದಿನ ಬಂಪರಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ ಇನ್ನೂ ಹಸಿಯಾಗಿದ್ದವು. ಕಿಟಕಿಗಳಿಗೆ ಕಾಡಿಗೆಯಂಥ ಕಪ್ಪು ಹಾಳೆ. ಇಳಿದವರು ಕಂಪ್ಲಿಯ ಬಸವಕುಮಾರ. ಅವರ ಮನೆತನದ್ದು ಅಕ್ಕಿ ಗಿರಣಿ, ಈಗ ಎಂಟು ಅದಿರು ಲಾರಿ ಬೇರೆ. ಜೊತೆಗೆ ಹೆಂಡತಿ ಪೂಜಿತಾ, ಎರಡು ಮಕ್ಕಳು, ಡ್ರೈವರ್ ತಿಪ್ಪೇಶ. ಹಿಂದಿನ ಸೀಟಿನಲ್ಲಿ ಒಂದು ಮುದುಕಿ ಮಾತ್ರ ಇಳಿಯಲಿಲ್ಲ. ಅದು ಬಸವಕುಮಾರನ ತಾಯಿ ಕೊಟ್ರಬಸಮ್ಮ.

"ಯವ್ವಾ, ಇಳೀ. ಒಳಗ ಮಸ್ತ್ ನೆರಳೈತಿ, ಕುಂದ್ರಾಕ ಖುರ್ಚಿ ಅದಾವು" ಎಂದ ಬಸವಕುಮಾರ.

"ಗಂಡಸರು ಹೆಂಗಸರು ಹಸಿ ಮೈಯಾಗ ಕುಣಿಯೋದು ನೋಡಾಕ ನಾ ಯಾಕ ಬರ್ಲೋ? ನಾ ಇಲ್ಲೇ ಇರ್ತೀನಿ. ನನ್ನ ಪೂಜಿನೂ ಆಗಿಲ್ಲ. ಮುಂಜಾನಿ ಜಳಕಾ ಮಾಡಿ ಕುಂದ್ರಬೇಕನ್ನದ್ರಾಗ ನಿನ್ನ ಮಕ್ಕಳು ಹಾರ್ನ್ ಹೊಡದು ಎಬ್ಬಿಸ್ಕೊಂಡು ಬಂದ್ವು. ದಾರ್‍ಯಾಗ ನಿನ್ನ ಲಾರಿಗಳ ಸಾಲಿನ್ಯಾಗ ಎರಡು ತಾಸು."

"ನನ್ನವು ಎಂಟ ಅದಾವಬೇ, ಆ ಸಾಲಿನ್ಯಾಗ ಎಂಟುನೂರು ಇದ್ವು!"

"ನಿನ್ನವೂ ಇದ್ವಿಲ್ಲ? ಹೋಗು. ಪೂಜಿ ಮುಗಿಯೋತನ ನನ್ನ ಯಾರೂ ಮಾತಾಡಿಸಬ್ಯಾಡ್ರಿ."

ಸೊಸೆ ಪೂಜಿತಾ ಮೆಲ್ಲಗೆ, "ಅತ್ತಿ, ಒಂದು ಗುಟುಕು ನೀರರ ಕುಡೀರಿ" ಎಂದಳು. ಮುದುಕಿ ಕೈ ಅಡ್ಡ ಮಾಡಿದಳು. ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸದೆ ಆಕೆ ನೀರೂ ಮುಟ್ಟುವವಳಲ್ಲ.

ಬಸವಕುಮಾರ ತಿಪ್ಪೇಶನಿಗೆ ಹೇಳಿದ: "ಇಂಜಿನ್ ಚಾಲೂ ಬಿಡು, ಏಸಿ ಹಾಕು. ಯಾರೂ ಬಾಗಲ ತಗದು ತೊಂದ್ರಿ ಕೊಡಬಾರ್ದು, ಇನ್ನೊಂದು ಕೀಲಿಲೇ ಹೊರಗಿಂದ ಲಾಕ್ ಮಾಡು. ನೀ ಇಲ್ಲೇ ಇರು."

ತಿಪ್ಪೇಶ ಹಾಗೆಯೇ ಮಾಡಿದ. ಮಕ್ಕಳು ಓಡುವ ಗಾಡಿಯಲ್ಲಿ ತೆಗೆಯಬಾರದೆಂದು ಹಿಂದಿನ ಬಾಗಿಲುಗಳಿಗೆ ಒಳಗಿನಿಂದ ತೆರೆಯದ ಹಾಗೆ ಚಿಲಕ ಹಾಕಿದ್ದ. ಕಿಟಕಿಯ ಗುಂಡಿಗಳನ್ನೂ ಮುಂದಿನಿಂದ ಬಂದ್ ಮಾಡಿದ್ದ. ಅದರ ನೆನಪು ಅವನಿಗೂ ಇರಲಿಲ್ಲ, ಯಾರಿಗೂ ಇರಲಿಲ್ಲ.

ಬಯಲಿನಲ್ಲಿ ಇದ್ದದ್ದು ಒಂದೇ ಬೇವಿನ ಮರ, ಅದರ ಕೆಳಗೆ ಬೈಕುಗಳು. ಗಾಡಿ ಜನರೇಟರ್ ಶೆಡ್ಡಿನ ಪಕ್ಕ, ಬರೀ ಬಿಸಿಲಿನಲ್ಲಿ ನಿಂತಿತ್ತು. ಅಂದು ಬೆಳಗಿನಿಂದ ಕರೆಂಟಿಲ್ಲ. ಜನರೇಟರಿನ ಗದ್ದಲದಲ್ಲಿ ಪಕ್ಕದವರ ಜೊತೆಗೂ ಕೂಗಿಯೇ ಮಾತಾಡಬೇಕು.

ತಾಯಕ್ಕ ಚೀಟಿ ಕೊಡುತ್ತ ಕೇಳಿದಳು. "ಇಂಜಿನ್ ಚಾಲೂನ ಇರ್ತೈತೇನಪ್ಪ? ಡೀಸೆಲ್ ಐತಿಲ್ಲ?"

"ಬಂಕಿನ್ಯಾಗ ಅದಿರು ಲಾರಿ ಮೈಲುದ್ದ ನಿಂತಾವು ಯಕ್ಕ, ಯಾವನ್ ನಿಂದ್ರತಾನ? ಹೋಗ್ವಾಗ ಹಾಕಿಸಿದ್ರಾತು. ಮುಳ್ಳು ಇನ್ನಾ ಕೆಂಪಿಗೆ ಬಂದಿಲ್ಲ."

"ಮುಳ್ಳು ಹೇಳಿ ಕೇಳಿ ಬರ್ತೈತೇನು ಕೆಂಪಿಗೆ?"

"ನೀ ಬೈಕಿಗೆ ಗೋಣಿ ಹೊಚ್ಚಬೇ, ಡೀಸೆಲ್ ನನಗ ಬಿಡು" ಎಂದು ನಕ್ಕ.

ಹತ್ತು ನಿಮಿಷ ಅವನು ಶೆಡ್ಡಿನ ನೆರಳಿನಲ್ಲಿ ಕೂತಿದ್ದು ನಿಜ. ಆಮೇಲೆ ಗೇಟಿನಿಂದ ಪೂಜಿತಾ ಕೈ ಬೀಸಿ ಕರೆದಳು. ಮಕ್ಕಳ ಟವೆಲು ಚೀಲ ಒಯ್ದು ಕೊಡಬೇಕಿತ್ತು. "ಈಗ ಬಂದೆ ಯಕ್ಕ, ಗಾಡಿ ಕಡಿ ಲಕ್ಷ್ಯ ಇರ್ಲಿ" ಎಂದು ಹೋದವನು ಬರಲಿಲ್ಲ. ಒಳಗೆ ಹೋದವನಿಗೆ ಅಲೆಯ ಕೊಳ ಕಂಡಿತ್ತು. ಧಣಿ, "ನೀನೂ ಒಂದು ಮುಳುಗು ಹಾಕು" ಅಂದಿದ್ದ. ಪ್ಯಾಂಟು, ಮೊಬೈಲು, ಕೀಲಿ ಎಲ್ಲ ಬೀರುವಿನಲ್ಲಿಟ್ಟು ತಿಪ್ಪೇಶ ನೀರಿಗಿಳಿದ.

ಕಂದು ನಾಯಿ ಬಿಳಿ ಗಾಡಿಯ ಕೆಳಗೆ ಮಲಗಿತು. ತೊಟ್ಟು ಬೀಳುತ್ತಿತ್ತು. ತಾಯಕ್ಕ ಬಗ್ಗಿ ನೋಡಿ, ಸರಿ ಎಂದುಕೊಂಡು ಹೋದಳು.

ಅಂದು ಜನವೋ ಜನ. ತೋರಣಗಲ್ಲಿನ ಕಾರ್ಖಾನೆಯ ಕಡೆಯಿಂದ ಎರಡು ಬಸ್ಸು, ಎಮ್ಮಿಗನೂರಿನಿಂದ ಟ್ರ್ಯಾಕ್ಟರ್ ತುಂಬ ಜನ. ಒಂದೂವರೆಯ ಸುಮಾರಿಗೆ ಕೊಂಚ ಬಿಡುವಾಯಿತು. ಬೇವಿನಡಿ ಕೂತು ರೊಟ್ಟಿ ಬಿಚ್ಚಿದಳು. ಶೇಂಗಾ ಚಟ್ನಿಗೆ ಮೊದಲ ತುತ್ತು ಅದ್ದುವಾಗ ಕಾಲಿಗೆ ಏನೋ ತಗುಲಿತು. ಕಂದು ನಾಯಿ. ಮರದ ಬುಡದ ಮಣ್ಣು ಕೆದರಿ, ನಾಲಗೆ ಚಾಚಿ ಏದುತ್ತಿತ್ತು.

"ನೀ ಯಾಕ ಇಲ್ಲಿ ಬಂದಿ?" ಎಂದಳು.

ಅಂದವಳ ಕೈ ತುತ್ತಿನ ಜೊತೆಗೇ ನಿಂತಿತು. ರೊಟ್ಟಿ ಬುತ್ತಿಯಲ್ಲಿಟ್ಟು ಎದ್ದು ನಡೆದಳು. ಬಿಳಿ ಗಾಡಿಯ ಕೆಳಗೆ ಬಗ್ಗಿ ನೋಡಿದರೆ ನೆಲ ಒಣಗಿತ್ತು. ನಾಯಿ ಮಲಗಿದ್ದ ಕಡೆ ಮಣ್ಣಿನ ಮೇಲೆ ಅದರ ಮೈಯ ಗುರುತು ಸಹ ಬಿರಿದು ಗಟ್ಟಿಯಾಗಿತ್ತು. ಅಂಥ ಬಿಸಿಲಿನಲ್ಲಿ ಹಸಿ ಮಣ್ಣು ಒಣಗಲು ಕಾಲು ತಾಸು ಬೇಕು, ಬಿರಿಯಲು ಇನ್ನೂ ಹೆಚ್ಚು. ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಸುಟ್ಟಿತು, ಆದರೆ ನಡುಗಲಿಲ್ಲ. ಇಂಜಿನ್ ಸತ್ತು ಅರ್ಧ ತಾಸಾಗಿದೆ!

ಕಪ್ಪು ಗಾಜಿಗೆ ಮುಖ ಹಚ್ಚಿದರೆ ತನ್ನ ಮುಖವೇ ಕಂಡಿತು. ಬಡಿದಳು. "ಯಮ್ಮಾ! ಅಮ್ಮಾರೇ!" ಜನರೇಟರಿನ ಗದ್ದಲದಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ಬಾಗಿಲು ಎಳೆದಳು. ಒಂದೂ ಬಿಡಲಿಲ್ಲ.

ಗೇಟಿನಲ್ಲಿ ಸೆಕ್ಯೂರಿಟಿಯ ಮೇಸ್ತ್ರಿ ಹಾಲಸ್ವಾಮಿ ಇದ್ದ. ಟೋಪಿ, ಸೀಟಿ, ಕಂಕುಳಲ್ಲಿ ಬೆವರಿನ ಎರಡು ಚಂದ್ರ. ಹೋದ ತಿಂಗಳು ಯಾರದೋ ಕಾರಿಗೆ ಸೈಕಲ್ ತಗುಲಿಸಿ ಗೆರೆ ಬಿತ್ತೆಂದು ಒಬ್ಬ ಕಾವಲುಗಾರನನ್ನು ಅದೇ ದಿನ ಮನೆಗೆ ಕಳಿಸಿದ್ದು ಇದೇ ಹಾಲಸ್ವಾಮಿ. ತಾಯಕ್ಕ ಓಡಿಬಂದು ಹೇಳಿದ್ದನ್ನು ಕೇಳಿ ಹಣೆ ಗಂಟು ಹಾಕಿದ.

"ಏಸಿ ನಿಂತೈತಿ ಅಂತ ನಿನಗ ಹೆಂಗ ಗೊತ್ತು?"

"ನಾಯಿ ಎದ್ದು ಬಂತ್ರಿ."

"ನಾಯಿ ಹೇಳ್ತೇನು? ತಾಯಕ್ಕ, ಬಿಸಲಿಗೆ ನಿನ್ನ ತಲಿ..."

"ನನ್ನ ತಲಿ ಆಮ್ಯಾಲೆ ನೋಡೋಣ್ರಿ. ಆ ಡ್ರೈವರ್ ತಿಪ್ಪೇಶನ್ನ ಕರಸ್ರಿ. ಕೀಲಿ ಅವನ ಹತ್ರ ಐತಿ."

ಹಾಲಸ್ವಾಮಿ ಒಳಗೆ ಹೇಳಿ ಕಳಿಸಿದ. ಮೈಕಿನಲ್ಲಿ ಹಾಡು ನಿಂತಿತು. "ಕಂಪ್ಲಿಯ ತಿಪ್ಪೇಶ್ ಎಲ್ಲಿದ್ದರೂ ಗೇಟಿಗೆ ಬರಬೇಕು" ಎಂದು ಒಮ್ಮೆ ಕೂಗಿ ಮತ್ತೆ ಹಾಡು ಶುರುವಾಯಿತು. ಅದೇ ಹೊತ್ತಿಗೆ ಅಲೆಯ ಕೊಳದಲ್ಲಿ ಸೈರನ್ ಆಗಿ, ಅಲೆ ಎದ್ದು, ಐನೂರು ಜನ ಒಟ್ಟಿಗೆ ಹೋ ಎಂದರು. ಆ ಹೋ ಎನ್ನುವುದರಲ್ಲಿ ತಿಪ್ಪೇಶನದೂ ಒಂದು ದನಿ ಇದ್ದಿರಬೇಕು.

"ಧಣಿ ಗೇಟಿನ್ಯಾಗ ಕೊಟ್ಟ ನಂಬರ್ ಐತಿ ನನ್ನ ಹತ್ರ" ಎಂದು ಹಾಲಸ್ವಾಮಿ ಗಾಡಿಯ ಕಡೆ ನಡೆಯುತ್ತಲೇ ಬಸವಕುಮಾರನಿಗೆ ಫೋನು ಹಚ್ಚಿದ. ಇಬ್ಬರೂ ಗಾಡಿಯ ಹತ್ತಿರ ಬಂದು ನಿಂತರು. ತಾಯಕ್ಕ ಗಾಜಿಗೆ ಕಿವಿ ಒತ್ತಿದಳು. ಒಳಗೆ, ಗಾಡಿಯ ಒಳಗೇ, ಫೋನು ಬಾರಿಸುತ್ತಿತ್ತು. ನೀರಿಗೆ ಇಳಿಯುವ ಬಸವಕುಮಾರ, ನೆನೆಯಬಾರದೆಂದು ಮೊಬೈಲನ್ನು ಕಾರಿನಲ್ಲೇ ಬಿಟ್ಟಿದ್ದ. ಬಾರಿಸಿ ಬಾರಿಸಿ ನಿಂತಿತು. ಹಾಲಸ್ವಾಮಿ ಮತ್ತೆ ಹಚ್ಚಿದ. ಮತ್ತೆ ಬಾರಿಸಿ ನಿಂತಿತು.

"ನೋಡು, ಮುದುಕಮ್ಮ ಎಷ್ಟು ಗಟ್ಟಿ! ಫೋನ್ ಬಾರಿಸಿದ್ರೂ ಅಳ್ಳಾಡಿಲ್ಲ. ಪೂಜಿಗೆ ಕುಂತ್ರ ನಮ್ಮ ಹಿರ್‍ಯಾರು ಹಂಗ. ಮನಿಗೆ ಬೆಂಕಿ ಬಿದ್ರೂ ಏಳಂಗಿಲ್ಲ" ಎಂದು ಹಾಲಸ್ವಾಮಿ ಅವಳ ಕಿವಿಯ ಹತ್ತಿರ ಕೂಗಿದ.

"ಬೆಂಕಿನ ಬಿದ್ದೈತ್ರಿ ಈಗ."

"ಮೌನದಾಗ ಇರ್ತಾರ ತಾಯಕ್ಕ. ಮಾತಾಡಿಸಿದ್ರ ಪೂಜಿ ಕೆಡತೈತಿ. ನಾವು ಬಾಗಲ ಬಡದು ಅಪರಾಧ ಕಟ್ಟಿಕೊಳ್ಳೋದು ಬ್ಯಾಡ. ಐದು ನಿಮಿಷ ನೋಡೋಣ, ಡ್ರೈವರ್ ಬರ್ತಾನ."

ಅದೇ ಮಾತು. ಐದು ವರ್ಷದ ಹಿಂದೆ ಲಾರಿಯ ನೆರಳಿನಲ್ಲಿ ಎಲ್ಲರೂ ಕರುಣೆಯಿಂದಲೇ ಆಡಿದ ಮಾತು. ಎಬ್ಬಿಸಬ್ಯಾಡ್ರಿ, ಪಾಪ.

ಮುಂದಿನ ದೊಡ್ಡ ಗಾಜಿಗೆ ಕಪ್ಪು ಹಾಳೆ ಇರಲಿಲ್ಲ, ಆದರೆ ಅಲ್ಲಿ ನಿಂತಷ್ಟು ಹೊತ್ತಿನಲ್ಲೇ ರಸ್ತೆಯ ಅದಿರಿನ ಕೆಂಪು ದೂಳು ಕೂತು ಮಣ್ಣಿನ ಗೋಡೆಯಾಗಿತ್ತು. ಬೈಕಿನ ಮೇಲಿದ್ದ ಒಂದು ಹಸಿ ಗೋಣಿ ಎಳೆದು ತಂದಳು. ಬಂಪರಿನ ಮೇಲೆ ಕಾಲಿಟ್ಟು ಬಾನೆಟ್ಟಿನ ಮೇಲೆ ಮೊಣಕಾಲೂರಿದಳು. ನಿಂಬೆಹಣ್ಣು ಪಚಕ್ಕನೆ ಒಡೆಯಿತು.

"ಇಳೀ! ಹೊಸಾ ಗಾಡಿ ಅದು! ಗೆರಿ ಬಿದ್ರ ನಿನ್ನ ಜೋಡಿ ನನ್ನೂ ಕಳಸ್ತಾರ!" ಎಂದು ಹಾಲಸ್ವಾಮಿ ಸೀಟಿ ಊದಿದ. ಯಾರಿಗೆ ಊದಿದನೋ ಅವನಿಗೇ ಗೊತ್ತಿರಲಿಕ್ಕಿಲ್ಲ.

ಗೋಣಿಯಿಂದ ದೂಳು ಒರೆಸಿ, ಎರಡು ಕೈಯಿಂದ ಕಣ್ಣಿಗೆ ಮರೆ ಮಾಡಿ ಅವಳು ಒಳಗೆ ನೋಡಿದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಬಿಳಿಯ ವಿಭೂತಿ ಹಣೆ ಕಂಡಿತು. ಮುದುಕಿ ನೆಟ್ಟಗೆ ಕೂತಿದ್ದಳು. ಬೆನ್ನು ಸೀಟಿಗೆ, ಕಣ್ಣು ಮುಚ್ಚಿತ್ತು. ನೋಡಿದವರು ಯಾರಾದರೂ ಪೂಜೆಗೆ ಕೂತಿದ್ದಾಳೆ ಎಂದೇ ಹೇಳಬೇಕು, ಹಾಗಿತ್ತು. ಎಡಗೈ ತೊಡೆಯ ಮೇಲೆ ಅಂಗಾತ. ತಾಯಕ್ಕ ಆ ಅಂಗೈಯನ್ನೇ ನೋಡಿದಳು. ಚಿಕ್ಕವಳಿದ್ದಾಗ ಇಂಥದೇ ಒಂದು ಮನೆಯ ಅಂಗಳ ಗುಡಿಸಿದ್ದಳು. ಆ ಮನೆಯ ಅಜ್ಜಿ ಪೂಜೆಗೆ ಕೂತರೆ ಎಡಗೈ ಎದೆಯ ಮಟ್ಟಕ್ಕೆ, ದೀಪ ಹಿಡಿದ ಹಾಗೆ. ತೋಳು ನಡುಗಿದರೂ ಕೆಳಗಿಳಿಯುತ್ತಿರಲಿಲ್ಲ. ಈ ಅಂಗೈ ಇಳಿದಿತ್ತು. ಇಳಿದು, ಬರಿದಾಗಿತ್ತು. ಮುಂದಿನ ಎರಡು ಸೀಟುಗಳ ಸಂದಿಯಿಂದ ಕಣ್ಣು ಕೆಳಗೆ ಇಳಿಸಿದಳು. ಕಾಲ ಬಳಿ, ಚಪ್ಪಲಿಯ ಪಕ್ಕದಲ್ಲಿ, ಕೆಂಪು ವಸ್ತ್ರದ ಅಂಚಿನಲ್ಲಿ ಕರಿಯದೊಂದು ಹೊಳೆಯುತ್ತಿತ್ತು.

"ಸ್ವಾಮೇರೇ, ಲಿಂಗ ಕೆಳಗ ಬಿದ್ದೈತಿ" ಎಂದಳು.

ಹಾಲಸ್ವಾಮಿಯ ಕೈ ತನ್ನಷ್ಟಕ್ಕೆ ತಾನೇ ಅಂಗಿಯ ಗುಂಡಿಯ ಹತ್ತಿರ, ತನ್ನ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಮೈಮೇಲೆ ಎಚ್ಚರವಿದ್ದವರ ಕೈಯಿಂದ ಅದು ಬೀಳುವುದಿಲ್ಲ. ಬಿದ್ದರೂ ಅವರು ಸುಮ್ಮನೆ ಕೂತಿರುವುದಿಲ್ಲ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಒಡೀ" ಎಂದ.

ತಾಯಕ್ಕ ಆಗಲೇ ಇಳಿದು ಅದಿರಿನ ಕಲ್ಲು ತಂದಿದ್ದಳು.

"ಒಡೀ. ಆದ್ರ... ನಾ ಹೇಳಿದೆ ಅಂತ ಹೇಳಬ್ಯಾಡ."

ಮುದುಕಿ ಕೂತದ್ದು ಹಿಂದೆ, ಎಡಕ್ಕೆ. ಗಾಜು ಆಕೆಯ ಮೇಲೆ ಬೀಳಬಾರದು. ಸುತ್ತು ಹಾಕಿ ಬಲಗಡೆಗೆ, ಡ್ರೈವರಿನ ಬಾಗಿಲಿಗೆ ಬಂದಳು. ಮೊದಲ ಹೊಡೆತಕ್ಕೆ ಕಲ್ಲು ಪುಟಿದು ಅವಳ ಮಣಿಕಟ್ಟಿಗೇ ಬಡಿಯಿತು. ಎರಡನೆಯದಕ್ಕೆ ಗಾಜಿನ ಮೂಲೆಗೆ ಗುರಿಯಿಟ್ಟಳು. ಟಪ್ ಎಂದು ಇಡೀ ಗಾಜು ಜೇಡರ ಬಲೆಯಾಯಿತು, ಆದರೆ ಬೀಳಲಿಲ್ಲ. ಕಪ್ಪು ಹಾಳೆ ಅದನ್ನು ಹಿಡಿದುಕೊಂಡಿತ್ತು. ಕೈಗೆ ಗೋಣಿ ಸುತ್ತಿಕೊಂಡು, ಭುಜ ಕೊಟ್ಟು ಒಳಕ್ಕೆ ದೂಡಿದಳು. ಹರಿದ ಚಾಪೆಯ ಹಾಗೆ ಗಾಜು ಒಳಗೆ ಮಡಚಿ ಬಿತ್ತು.

ಒಳಗಿನಿಂದ ಬಂದ ಝಳಕ್ಕೆ ಅವಳು ಮುಖ ತಿರುಗಿಸಬೇಕಾಯಿತು. ರೊಟ್ಟಿ ಸುಡುವಾಗ ಒಲೆಯ ಮುಂದೆ ಬಗ್ಗಿದರೂ ಅಂಥ ಝಳವಿಲ್ಲ. ಕೈ ಹಾಕಿ ಚಿಲಕ ಎತ್ತಿದಳು; ನಾಲ್ಕೂ ಬಾಗಿಲಿನ ಬೀಗ ಒಟ್ಟಿಗೆ ಬಿಟ್ಟವು. ಹಿಂದಿನ ಬಾಗಿಲನ್ನು ಹಾಲಸ್ವಾಮಿ ಹೊರಗಿನಿಂದ ಎಳೆದ. ತೆರೆಯಿತು.

ತಾಯಕ್ಕ ಮುದುಕಿಯ ಕತ್ತಿಗೆ ಬೆರಳು ಹಚ್ಚಿದಳು. ಹಂಚಿನ ಹಾಗೆ ಬಿಸಿ, ಬೆವರಿಲ್ಲ. ಬೆವರು ಬರುತ್ತಿರುವ ತನಕ ಭಯವಿಲ್ಲ, ಬೆವರು ನಿಂತ ಮೇಲೆ ಇರುವ ಹೊತ್ತು ಬಹಳ ಕಡಿಮೆ. ಮೂಗಿನ ಹತ್ತಿರ ಬೆರಳಿಟ್ಟಳು. ಉಸಿರಿತ್ತು, ಆದರೆ ಹಕ್ಕಿಯದರಷ್ಟು.

"ನೀವು ಕಂಕುಳಾಗ ಕೈ ಹಾಕ್ರಿ, ನಾ ಕಾಲು ಹಿಡೀತೀನಿ. ಜಲ್ದಿ... ತಡೀರಿ, ತಡೀರಿ, ಬೂಟು!"

ಹಾಲಸ್ವಾಮಿಯ ಬೂಟು ಕೆಂಪು ವಸ್ತ್ರದ ಮೇಲೆ ಇಳಿಯುವುದರಲ್ಲಿತ್ತು. ತಾಯಕ್ಕ ಸೆರಗಿನ ತುದಿಯಿಂದ ಲಿಂಗವನ್ನು ಹಿಡಿದೆತ್ತಿ, ಸೆರಗಿಗೇ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದಳು. ತನ್ನಂಥವಳು ಮುಟ್ಟಬಹುದೋ ಬಾರದೋ ಎಂದು ಯೋಚಿಸಲು ಅದು ಹೊತ್ತಾಗಿರಲಿಲ್ಲ.

ಬೇವಿನಡಿಗೆ ಹೊತ್ತು ತಂದು ಮಲಗಿಸಿದರು. ತಾಯಕ್ಕ ಅಷ್ಟೂ ಬೈಕುಗಳ ಮೇಲಿನ ಗೋಣಿಗಳನ್ನು ಕಿತ್ತು ತಂದಳು. ಕತ್ತಿಗೊಂದು, ಕಂಕುಳಿಗೊಂದು, ತೊಡೆಯ ಸಂದಿಗೊಂದು. ಕುಪ್ಪಸದ ಗುಂಡಿ ಸಡಿಲಿಸಿದಳು. ಹಾಲಸ್ವಾಮಿಗೆ ಬಕೆಟ್ಟು ತೋರಿಸಿ, "ತೊಟ್ಟಿ ನೀರು ತಂದು ಸುರೀರಿ, ನಿಂದರಬ್ಯಾಡ್ರಿ" ಎಂದಳು. ಮೇಸ್ತ್ರಿ ಬಕೆಟ್ಟು ಎತ್ತಿಕೊಂಡು ಓಡಿದ. ಅವಳು ಪಾರ್ಕಿಂಗಿನ ರಟ್ಟಿನ ಫಲಕ ಕಿತ್ತು ಬೀಸತೊಡಗಿದಳು.

ಯಾರೋ ಬಾಟಲಿಯ ತಂಪು ಸೋಡಾ ತಂದು ಮುದುಕಿಯ ಬಾಯಿಗೆ ಹಿಡಿಯಹೋದರು.

"ಬಾಯಿಗೆ ಹಾಕಬ್ಯಾಡ್ರಿ! ಎಚ್ಚರ ಇಲ್ದಾಕಿಗೆ ನೀರು ಹಾಕಿದ್ರ ಎದಿಗೆ ಇಳೀತೈತಿ, ಬಿಸಲು ಬಿಟ್ರೂ ಅದು ಬಿಡಂಗಿಲ್ಲ. ತಲಿಗೆ ಸುರೀರಿ ಬೇಕಾದ್ರ."

ಸುರಿಯುವುದು, ಬೀಸುವುದು. ಗೋಣಿ ಬಿಸಿಯಾದರೆ ಮತ್ತೆ ಅದ್ದುವುದು. ಜನ ಗುಂಪು ಕಟ್ಟಿದರು. ಗಾಳಿ ಬಿಡಿ ಎಂದು ಹಾಲಸ್ವಾಮಿ ಸೀಟಿ ಊದಿದ. ಈ ಸಲ ಆ ಸೀಟಿಗೆ ಅರ್ಥವಿತ್ತು. ಪಾರ್ಕಿನ ಟೆಂಪೊ ಐಸ್ ತರಲು ಹೊಸಪೇಟೆಗೆ ಹೋಗಿತ್ತು. ಬೇಗ ಬಾ, ಅಮ್ಮನ್ನ ದವಾಖಾನೆಗೆ ಒಯ್ಯಬೇಕು ಎಂದು ಅದರ ಡ್ರೈವರಿಗೆ ಫೋನು ಮಾಡಿದ. ಬಯಲಿನ ತುಂಬ ಗಾಡಿಗಳಿದ್ದವು, ಆದರೆ ಅವುಗಳ ಕೀಲಿಗಳೆಲ್ಲ ನೀರಿನಲ್ಲಿದ್ದವರ ಬೀರುಗಳಲ್ಲಿದ್ದವು.

ಐದು ನಿಮಿಷ. ಹತ್ತು ನಿಮಿಷ. ಮುದುಕಿ ಅಲುಗಲಿಲ್ಲ. ತಾಯಕ್ಕನ ತೋಳು ಸೋಲುತ್ತಿತ್ತು. ಜಂಬಕ್ಕನನ್ನು ಇವಳು ಹೀಗೆ ಮುಟ್ಟಿಯೇ ಇರಲಿಲ್ಲ. ಸಂಜೆ ಮುಟ್ಟಿದಾಗ ಮೈ ತಣ್ಣಗಾಗಿತ್ತು, ಬೇರೆ ತರಹದ ತಣ್ಣಗೆ. ಅದನ್ನು ನೆನೆಯುವ ಬದಲು ಬೀಸುವುದನ್ನು ಎಣಿಸತೊಡಗಿದಳು. ಮುನ್ನೂರು ದಾಟಿರಬೇಕು, ಮುದುಕಿಯ ಮೇಲ್ತುಟಿಯ ಮೇಲೆ ಎರಡು ಹನಿ ಕಂಡವು. ನೀರೋ, ಬೆವರೋ? ಬೆರಳಿಂದ ಒರೆಸಿದಳು. ಕಾದಳು. ಒರೆಸಿದ ಜಾಗದಲ್ಲೇ ಮತ್ತೆ ಸಣ್ಣಗೆ ಹನಿ ಮೂಡಿತು.

"ಬೆವತ್ರು" ಎಂದಳು. "ಸ್ವಾಮೇರೇ, ಬೆವತ್ರು!"

ಕೊಟ್ರಬಸಮ್ಮನ ರೆಪ್ಪೆ ಅದುರಿದವು. ಕಣ್ಣು ಬಿಡುವ ಮುಂಚೆಯೇ ಎಡಗೈ ಎದೆಯ ಮೇಲೆ ಹರಿದಾಡಿತು. ಏನನ್ನೋ ಹುಡುಕಿತು. ಸಿಗಲಿಲ್ಲ. ಕಣ್ಣು ಫಕ್ಕನೆ ತೆರೆದವು. ಅವುಗಳಲ್ಲಿದ್ದ ಭಯ ಬಿಸಿಲಿನದಲ್ಲ.

"ಲಿಂಗ..." ಎಂದಿತು ಒಣಗಿದ ಬಾಯಿ.

ತಾಯಕ್ಕ ಸೊಂಟದ ಗಂಟು ಬಿಚ್ಚಿದಳು. "ಇಲ್ಲೈತ್ರಿ ಅಮ್ಮಾರೇ. ಸೆರಗಿನ್ಯಾಗ ಹಿಡದೀನಿ. ನನ್ನ ಕೈ ಮುಟ್ಟಿಸಿಲ್ರಿ."

ಮುದುಕಿ ಅವಳನ್ನು ದಿಟ್ಟಿಸಿ ನೋಡಿದಳು. "ಕೈಯಾಗ ಗಟ್ಟಿ ಹಿಡಿಬೇಕಿಲ್ಲೇನ ಹುಚ್ಚಿ? ಸೆರಗಿನ್ಯಾಗಿಂದ ಜಾರಿ ಬಿದ್ದಿದ್ರ?" ಎಂದು ಅಂಗೈ ಚಾಚಿದಳು. ತಾಯಕ್ಕ ಲಿಂಗವನ್ನು ಅದರಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು.

ಅಷ್ಟರಲ್ಲಿ ಗೇಟಿನ ಕಡೆ ಗದ್ದಲವಾಯಿತು. ಮೈ ತಣ್ಣಗಾಗಿ ಊಟ ನೆನಪಾದ ಬಸವಕುಮಾರ, ತಾಯಿಗೂ ಏನಾದರೂ ಕೊಡೋಣವೆಂದು ಬಂದಿದ್ದ. ಪಾರ್ಕಿನವರು ಬಾಡಿಗೆಗೆ ಕೊಡುವ ಹಳದಿ ಚಡ್ಡಿ, ಬರಿಮೈ, ಬರಿಗಾಲು. ಹಿಂದೆ ಪೂಜಿತಾ, ಮಕ್ಕಳು, ತಿಪ್ಪೇಶ. ಮೊದಲು ಅವನ ಕಣ್ಣಿಗೆ ಬಿದ್ದದ್ದು ಗಾಡಿ.

"ಯಾವಳಾಕಿ ನನ್ನ ಗಾಡಿ ಗ್ಲಾಸು ಒಡದಾಕಿ? ಹದಿನೈದು ದಿನ ಆಗಿಲ್ಲಲೇ ತಂದು!"

ಗುಂಪು ಸರಿಯಿತು. ನೆಲದ ಮೇಲೆ ಗೋಣಿಗಳ ನಡುವೆ ತನ್ನ ತಾಯಿ ಕಂಡಳು. ಗಾಡಿ ಬಿಟ್ಟು ಆಕೆಯ ಕಡೆ ಓಡಿದ.

"ನಾನ ಹೇಳಿದೆ ಒಡೀ ಅಂತ" ಎಂದ ಹಾಲಸ್ವಾಮಿ ಎದೆ ಮುಂದೆ ಮಾಡಿ. "ಡೀಸೆಲ್ ತೀರಿ ಇಂಜಿನ್ ಬಂದ್ ಆಗಿತ್ರಿ. ಇನ್ನೊಂದು ಗಳಿಗಿ ತಡ ಆಗಿದ್ರ..."

ತಾಯಕ್ಕ ಅವನ ಕಡೆ ಒಮ್ಮೆ ನೋಡಿದಳು, ಅಷ್ಟೆ. ತಿಪ್ಪೇಶ ಗಾಡಿಯನ್ನೂ ನೋಡಲಿಲ್ಲ, ಧಣಿಯನ್ನೂ ನೋಡಲಿಲ್ಲ. ಕ್ಯಾನು ಹುಡುಕಿಕೊಂಡು ಒದ್ದೆ ಮೈಯಲ್ಲೇ ಬಂಕಿನ ದಿಕ್ಕಿಗೆ ಓಡಿದ.

ಪೂಜಿತಾ ಅಳುತ್ತ ಅತ್ತೆಯ ಕಾಲ ಬಳಿ ಕೂತಳು. ತಾಯಕ್ಕ ಅವಳಿಗೆ ತಗ್ಗಿದ ದನಿಯಲ್ಲಿ ಹೇಳಿದಳು. "ಎದ್ದು ಮಾತಾಡಿದ್ರು ಅಂತ ಬಿಡಬ್ಯಾಡ್ರಿ ತಂಗಿ. ಬಿಸಲು ಒಳಗ ಹೊಕ್ಕಿರ್ತೈತಿ, ರಾತ್ರಿಗೆ ತಿರುಗಿ ಬೀಳ್ತೈತಿ. ಟೆಂಪೊ ಬರಾಕತ್ತೈತಿ, ನೆಟ್ಟಗ ದವಾಖಾನಿಗೆ ಹೋಗ್ರಿ. ಈಗ ನೀರು ಕೊಡಬಹುದು, ಸಣ್ಣ ಸಣ್ಣ ಗುಟುಕು."

ಪೂಜಿತಾ ಲೋಟ ತುಟಿಗೆ ಹಿಡಿದಳು. ಮುದುಕಿ ತುಟಿ ಬಿಗಿದಳು.

"ಪೂಜಿ ಅರ್ಧಕ್ಕ ನಿಂತೈತಿ" ಎಂದಳು.

"ಯವ್ವಾ, ಜೀವ ಹೋಗತಿತ್ತಲ್ಲಬೇ! ಈಗೆಂಥಾ ಪೂಜಿ?" ಬಸವಕುಮಾರ ಅತ್ತೇಬಿಟ್ಟ.

ಆಕೆ ಬಲಗೈಯ ಒಂದು ಬೆರಳು ಎತ್ತಿದಳು. ಕಂಪ್ಲಿಯ ಗಿರಣಿಯಲ್ಲಿ ನಲವತ್ತು ಹಮಾಲರನ್ನು ಸುಮ್ಮನಿರಿಸಿದ ಬೆರಳು ಅದು. ಮಗ ಬಾಯಿ ಮುಚ್ಚಿದ. ತಾಯಕ್ಕ ಹಿಂದಿನಿಂದ ಆಸರೆ ಕೊಟ್ಟು ಕೂರಿಸಿ, ಬೆನ್ನಿಗೆ ಹಸಿ ಗೋಣಿ ಹಾಕಿದಳು. ಎಡ ಮೊಣಕೈ ಕೆಳಗೆ ತನ್ನ ಅಂಗೈ ಕೊಟ್ಟಳು. ಮುದುಕಿಯ ಕೈ ಮೆಲ್ಲಗೆ ಎದೆಯ ಮಟ್ಟಕ್ಕೆ ಏರಿತು. ಕಣ್ಣು ಮುಚ್ಚಿದಳು. ಈ ಸಲ ತುಟಿ ಅಲುಗುತ್ತಿದ್ದವು.

ಎಲ್ಲರೂ ನಿಂತರು. ಹಾಲಸ್ವಾಮಿ ಟೋಪಿ ತೆಗೆದ. ಐಸಿನ ಟೆಂಪೊ ರಸ್ತೆ ಬಿಟ್ಟು ಒಳಕ್ಕೆ ತಿರುಗಿತು. ಹಾರ್ನಿಗೆ ಕೈ ಹಾಕಿದ ಅದರ ಡ್ರೈವರಿಗೆ ಹತ್ತು ಜನ ಒಟ್ಟಿಗೆ ಬಾಯಿಗೆ ಬೆರಳಿಟ್ಟು ತೋರಿಸಿದರು. ಅವನು ಏನೂ ತಿಳಿಯದೆ ಇಂಜಿನ್ ಆರಿಸಿ ಇಳಿದು ನಿಂತ. ನೆರಳೆಲ್ಲ ಹೆಂಗಸರು ಮಕ್ಕಳಿಗೆ ಹೋಗಿತ್ತು. ಬಸವಕುಮಾರ ಬಿಸಿಲಿಗೆ ಉಳಿದಿದ್ದ. ಕಾಲಡಿಯ ಗರಸು ಕೆಂಡವಾಗಿತ್ತು. ಎಂಟು ಲಾರಿಗಳ ಧಣಿ ಹಳದಿ ಚಡ್ಡಿಯಲ್ಲಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದ, ಉಸಿರು ಬಿಡದೆ. ಯಾರೂ ನಗಲಿಲ್ಲ. ಮುದುಕಿಗೆ ಅವಸರವೇನೂ ಇದ್ದಂತೆ ಕಾಣಲಿಲ್ಲ.

ತಾಯಕ್ಕನ ಒಂದು ಕೈ ಮುದುಕಿಯ ಮೊಣಕೈ ಕೆಳಗಿತ್ತು. ಇನ್ನೊಂದು ಕೈಯಿಂದ ಪಕ್ಕದ ಹಸಿ ಗೋಣಿಯೊಂದನ್ನು ಎಳೆದು, ಸದ್ದಾಗದಂತೆ ಅವನ ಕಾಲ ಬಳಿಗೆ ಎಸೆದಳು. ಅದರ ಮೇಲೆ ನಿಲ್ಲು ಎಂದು ಕಣ್ಣಿನಲ್ಲೇ ಹೇಳಿದಳು.

ಅವನು ನಿಂತ. ಗೋಣಿಯಿಂದ ನೀರು ಇಳಿದು ನೆಲ ಕಪ್ಪಾಯಿತು. ಕಂದು ನಾಯಿ ಮರದ ಬುಡದಿಂದ ಎದ್ದು ಬಂದು, ಅವನ ಹಿಮ್ಮಡಿಗೆ ಬೆನ್ನು ಹಚ್ಚಿ ಮಲಗಿತು.